ಮಳೆಗಾಲದಲ್ಲೂ ಜೋತುಬೀಳದ ಕ್ರೋಶಾ ಓಲೆ: ಅಂಟು ಬೇಕೇ, ಬಿಗಿ ಬೇಕೇ?

ಡೊಂಬಿವಲಿ ಪೂರ್ವ:
ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತಿದ್ದೇನೆ. ಕಲಿತದ್ದು ಧಾರವಾಡದಲ್ಲಿ, ಕೈ ಪಳಗಿದ್ದು ಇಲ್ಲಿ. ಈ ಸಲ ಇಳಕಲ್ ಸೀರೆಯೊಂದಕ್ಕೆ ಕುಚ್ಚು ಹಾಕಿ ಉಳಿದ ಕೆಂಪು ದಾರದಲ್ಲಿ ಮಗಳಿಗೆ ಓಲೆ ಹೆಣೆದುಕೊಟ್ಟೆ. ಬೀಸಣಿಗೆಯ ಆಕಾರ, ಅಂಚಿಗೆ ಚಿನ್ನದ ಬಣ್ಣದ ಸಣ್ಣ ಮಣಿ. ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ್ದೆ. ಏಪ್ರಿಲ್‌ನಲ್ಲಿ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಜುಲೈ ಮೊದಲ ವಾರಕ್ಕೆ ಬಾಡಿದ ವೀಳ್ಯದೆಲೆಯಾಯಿತು. ಡಬ್ಬಿ ತೆರೆದರೆ ಒಳಗೆ ಇರುವೆ ಸಾಲು.

ಎರಡನೆಯ ಜೊತೆಗೆ ಬಿಳಿ ಅಂಟು ಅರ್ಧ, ನೀರು ಅರ್ಧ ಬೆರೆಸಿ ಹಚ್ಚಿದೆ. ಇರುವೆ ಬರಲಿಲ್ಲ. ಆದರೆ ಒಂದು ದಿನ ಮಗಳು ಮಳೆಯಲ್ಲಿ ನೆನೆದು, ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಬೆವರಿ ಮನೆಗೆ ಬಂದಾಗ ಓಲೆ ಮೆತ್ತಗಾಗಿ ಕೆನ್ನೆಗೆ ಅಂಟಿಕೊಂಡಿತ್ತು. ಅವಳು ಏನೂ ಅನ್ನಲಿಲ್ಲ, ತೆಗೆದು ಮೇಜಿನ ಮೇಲಿಟ್ಟಳು. ನನಗೆ ಬಹಳ ಬೇಸರವಾಯಿತು. ಮುಂಬಯಿಯ ಗಾಳಿಗೆ ತಡೆಯುವಂತೆ ಇದನ್ನು ಗಟ್ಟಿ ಮಾಡಲು ನೀವೆಲ್ಲ ಏನು ಹಚ್ಚುತ್ತೀರಿ?

ಕೋಥ್ರೂಡ್ ಕುಚ್ಚು:
ಅಕ್ಕಾ, ಸಕ್ಕರೆಯನ್ನು ಪೂರ್ತಿ ಮರೆತುಬಿಡಿ. ಅದು ಗಾಳಿಯಲ್ಲಿನ ತೇವವನ್ನು ತಾನೇ ಕರೆದುಕೊಳ್ಳುತ್ತದೆ. ಅಕ್ಕಿ ಗಂಜಿ, ಸಾಬುದಾಣಿ ಗಂಜಿ ಪುಣೆಯ ಬೇಸಿಗೆಗೆ ಸರಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಳಿ ಅಂಟು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುವ ಜಾತಿಯದು. ನಾನು ಹಿಂಬದಿಗೆ ಮಾತ್ರ ಚಿತ್ರಕಲೆಯವರು ಬಳಸುವ ಅಕ್ರಿಲಿಕ್ ವಾರ್ನಿಷ್ ಅನ್ನು ತೆಳ್ಳಗೆ ಎರಡು ಸಲ ಹಚ್ಚುತ್ತೇನೆ. ಮುಂಬದಿಗೆ ಹಚ್ಚಿದರೆ ದಾರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.

ಮಾಟುಂಗಾದ ಅಜ್ಜಿ:
ಏನನ್ನೂ ಹಚ್ಚಬೇಡಮ್ಮ. ಅಂಟು ಕೇಳುವ ಓಲೆಯ ಹೆಣಿಗೆಯೇ ಸಡಿಲವಾಗಿರುತ್ತದೆ. ಯಾವ ದಾರ, ಯಾವ ಅಳತೆಯ ಕ್ರೋಶಾ ಕಡ್ಡಿ ಎಂದು ಮೊದಲು ಹೇಳು.

ಡೊಂಬಿವಲಿ ಪೂರ್ವ:
ಕುಚ್ಚಿಗೆ ಹಾಕುವ ರೇಷ್ಮೆ ದಾರವೇ ಅಜ್ಜಿ, ಹತ್ತು ಎಳೆ ಕೂಡಿಸಿದ್ದು. ಕಡ್ಡಿ 1.75 ಮಿಲಿಮೀಟರ್.

ಮಾಟುಂಗಾದ ಅಜ್ಜಿ:
ಅಲ್ಲಿಯೇ ಇದೆ ತೊಂದರೆ. ಕುಚ್ಚಿನ ದಾರ ಜಾರಬೇಕು, ಇಳಿಬಿದ್ದು ತೂಗಬೇಕು, ಅದಕ್ಕೆಂದೇ ಅದನ್ನು ಆರಿಸುತ್ತೇವೆ. ಆ ಎಳೆಗಳಿಗೆ ಹುರಿಯೇ ಇರುವುದಿಲ್ಲ, ಒಂದರ ಪಕ್ಕ ಒಂದು ಸುಮ್ಮನೆ ಮಲಗಿರುತ್ತವೆ. ಓಲೆ ಇಳಿಬಿದ್ದರೂ ತನ್ನ ಆಕಾರ ಬಿಡಬಾರದಲ್ಲ, ಅದಕ್ಕೆ ಹುರಿ ಬಿಗಿಯಾಗಿರುವ ಹತ್ತಿ ದಾರ ಬೇಕು. ಅಂಗಡಿಯಲ್ಲಿ ಮರ್ಸರೈಸ್ಡ್ ಕಾಟನ್ ಎಂದು ಕೇಳು. ಉಂಡೆಯ ಮೇಲೆ 10, 20, 40 ಎಂದು ಸಂಖ್ಯೆ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣದು. 10ಕ್ಕೆ 1.5 ಕಡ್ಡಿ, 20ಕ್ಕೆ 1.0 ಅಥವಾ 1.25, 40ಕ್ಕೆ 0.75. ಉಂಡೆಯ ಚೀಟಿಯಲ್ಲಿ ಇದಕ್ಕಿಂತ ದಪ್ಪ ಕಡ್ಡಿ ಬರೆದಿದ್ದರೆ ಅದು ಮೇಜಿನ ಹೊದಿಕೆ ಹೆಣೆಯುವವರಿಗೆ. ಒಡವೆಗೆ ಒಂದು ಅಳತೆ ಕಡಿಮೆಯದನ್ನೇ ತೆಗೆದುಕೊಳ್ಳಬೇಕು.

ಕಡ್ಡಿ ಉಕ್ಕಿನದೇ ಆಗಿರಲಿ. ಅಲ್ಯೂಮಿನಿಯಮ್ಮಿನದು ಈ ಅಳತೆಗೆ ಬಾಗುತ್ತದೆ.

ಹೆಣೆದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ಹೆಣಿಗೆಯ ಕಂಬಗಳ ನಡುವೆ ಬೆಳಕು ಚುಕ್ಕಿ ಚುಕ್ಕಿಯಾಗಿ ಬಂದರೆ ಸಡಿಲ. ಆಮೇಲೆ ಎರಡು ಬೆರಳಲ್ಲಿ ಮಡಚಿ ಬಿಡು. ತಾನಾಗಿ ಬಿಚ್ಚಿಕೊಂಡು ನೆಟ್ಟಗಾದರೆ ಮಾತ್ರ ಕಿವಿಗೆ ಹಾಕುವುದು. ನನಗೆ ಎಪ್ಪತ್ತೊಂದು ವರ್ಷ, ಬೆರಳು ನೋಯುತ್ತದೆ, ಆದರೂ ಕಡ್ಡಿ ದಪ್ಪ ಮಾಡಿಕೊಂಡಿಲ್ಲ. ಹಿಡಿಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದೇನೆ.

ಠಾಣೆಯ ಮೇಷ್ಟ್ರು:
ಅಜ್ಜಿಯವರ ಮಾತಿನ ಹಿಂದೆ ವಿಜ್ಞಾನ ಇದೆ. ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು, ಹೆಣೆಯುವವಳು ನನ್ನ ಹೆಂಡತಿ. ಹತ್ತಿಯ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಪ್ಪಟೆಯಾಗಿ, ಅವರೆಬೀಜದಂತೆ ಮಡಚಿಕೊಂಡಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಉಬ್ಬಿ ದುಂಡಗಾಗುತ್ತದೆ. ಇದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ಜಾನ್ ಮರ್ಸರ್, ಹೆಸರು ಅವನಿಂದಲೇ ಬಂತು. ಅದ್ದುವಾಗ ದಾರವನ್ನು ಎಳೆದು ಹಿಡಿದರೆ ಕುಗ್ಗುವುದಿಲ್ಲ, ಜೊತೆಗೆ ಹೊಳಪೂ ಬರುತ್ತದೆ ಎಂದು 1890ರಲ್ಲಿ ಹೊರೇಸ್ ಲೋ ತೋರಿಸಿಕೊಟ್ಟ. ದಾರ ಬಲವಾಗುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಕಿವಿಯ ಬಳಿ ಬೆವರುವ ಒಡವೆಗೆ ಇನ್ನೇನು ಬೇಕು?

ವಾಶಿ ಕಾಲೇಜು ಹುಡುಗಿ:
ಒಂದು ಪ್ರಶ್ನೆ. ಇಂಗ್ಲಿಷಿನಲ್ಲಿ ಬರೆದ ಮಾದರಿ ನೋಡಿ ಹೂವಿನ ಓಲೆ ಹೆಣೆದೆ. ಚಿತ್ರದಲ್ಲಿ ಒಂದು ಅಂಗುಲ ಇತ್ತು, ನನ್ನದು ಎರಡು ಅಂಗುಲ ಬಂತು. ದಾರ, ಕಡ್ಡಿ ಎರಡೂ ಅವರು ಹೇಳಿದ್ದೇ. ಎಲ್ಲಿ ತಪ್ಪಿದೆ?

ಕೋಥ್ರೂಡ್ ಕುಚ್ಚು:
ಅದು ಬ್ರಿಟನ್ನಿನ ಮಾದರಿ ಇರಬೇಕು, ನೀವು ಅಮೆರಿಕದ ಲೆಕ್ಕದಲ್ಲಿ ಹೆಣೆದಿದ್ದೀರಿ. ಎರಡೂ ದೇಶಗಳಲ್ಲಿ ಹೆಸರು ಒಂದೇ, ಹೆಣಿಗೆ ಬೇರೆ. ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದ ಡಬಲ್ ಅದಕ್ಕಿಂತ ಎತ್ತರದ್ದು. ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಎಂಬ ಪದ ಕಂಡರೆ ಅದು ಅಮೆರಿಕದ್ದೇ, ಏಕೆಂದರೆ ಬ್ರಿಟನ್ನಿನವರಲ್ಲಿ ಆ ಹೆಸರಿನ ಹೆಣಿಗೆಯೇ ಇಲ್ಲ.

ಇಲ್ಲಿನ ಮರಾಠಿ ಹೆಂಗಸರ ಹೆಸರುಗಳೇ ನನಗೆ ಇಷ್ಟ. ಸಾಖಳಿ, ಮುಕಾ ಖಾಂಬ್, ಅರ್ಧಾ ಖಾಂಬ್, ಖಾಂಬ್. ನಮ್ಮಲ್ಲಿ ಸರಪಳಿ, ಮೂಕ ಕಂಬ, ಅರ್ಧ ಕಂಬ, ಕಂಬ ಎಂದರೆ ಆಯಿತು. ಕಡ್ಡಿಗೆ ದಾರ ಸುತ್ತಿಕೊಳ್ಳದೆ ಎಳೆಯುವ ಗಿಡ್ಡ ಹೆಣಿಗೆ ಮೂಕ, ಸುತ್ತಿಕೊಂಡು ಎಳೆದರೆ ಕಂಬ, ಎರಡರ ನಡುವಿನ ಎತ್ತರದ್ದು ಅರ್ಧ. ಹೆಸರು ಕೇಳಿದರೇ ಎತ್ತರ ಕಣ್ಣಿಗೆ ಕಟ್ಟುತ್ತದೆ. ಈ ಚರ್ಚೆಯಲ್ಲಿ ಎಲ್ಲರೂ ಇದನ್ನೇ ಬಳಸೋಣವೇ?

ವಾಶಿ ಕಾಲೇಜು ಹುಡುಗಿ:
ಹೌದು, ಬ್ರಿಟನ್ನಿನದೇ ಆಗಿತ್ತು! ಧನ್ಯವಾದ ಅಕ್ಕಾ.

ಮಡಗಾಂವ್ ಮನೆ:
ಗೋವಾದಿಂದ ನಮಸ್ಕಾರ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕ್ರೋಶಾ ಪೋರ್ಚುಗೀಸರ ಕಾಲದಿಂದ ಬಂದ ವಿದ್ಯೆ. ನನಗೆ ಕಲಿಸಿದವರು ಪಕ್ಕದ ಮನೆಯ ವೃದ್ಧೆ, ಅವರಿಗೆ ಕಾನ್ವೆಂಟಿನ ಸನ್ಯಾಸಿನಿಯರು ಕಲಿಸಿದ್ದರಂತೆ. ನಾನು ಕಾರವಾರದವಳು, ಕೊಂಕಣಿ ಮಾತಿನಲ್ಲಿ ಕಲಿತೆ.

ಅಂಟಿಲ್ಲದೆ ನಿಲ್ಲುವ ಓಲೆಗೆ ನನ್ನ ಮಟ್ಟಿಗೆ ಐರಿಷ್ ಗುಲಾಬಿಗಿಂತ ಒಳ್ಳೆಯದು ಬೇರೆ ಇಲ್ಲ. ಎಸಳಿನ ಹಿಂದೆ ಎಸಳು ಇರುವುದರಿಂದ ಹಿಂದಿನದು ಮುಂದಿನದಕ್ಕೆ ಆಸರೆಯಾಗುತ್ತದೆ. 40ನೇ ದಾರ, 0.75 ಕಡ್ಡಿ. 6 ಸರಪಳಿ ಹಾಕಿ ಸುತ್ತು ಕೂಡಿಸಿ. ಆ ಸುತ್ತಿನ ಮೇಲೆ ಕಂಬ, 3 ಸರಪಳಿ, ಕಂಬ, 3 ಸರಪಳಿ ಎಂದು ಹೋದರೆ ಆರು ಕಮಾನು ಬರಬೇಕು. ಪ್ರತಿ ಕಮಾನಿನೊಳಗೆ ಒಂದು ಮೂಕ, ಒಂದು ಅರ್ಧ, ಮೂರು ಕಂಬ, ಒಂದು ಅರ್ಧ, ಒಂದು ಮೂಕ: ಇದು ಒಂದು ಎಸಳು. ಆರು ಎಸಳಾದ ಮೇಲೆ ಕೆಲಸವನ್ನು ತಿರುವಿ ಹಿಡಿದು, ಎಸಳುಗಳ ಬೆನ್ನಿಗೆ, ಮೊದಲ ಸುತ್ತಿನ ಕಂಬಗಳನ್ನೇ ಹಿಡಿದು 5 ಸರಪಳಿಯ ಹೊಸ ಕಮಾನುಗಳನ್ನು ಕಟ್ಟಬೇಕು. ಅವುಗಳಲ್ಲಿ ಮೂರರ ಬದಲು ಐದು ಕಂಬ. ಓಲೆಗೆ ಎರಡು ಸಾಲು ಸಾಕು, ಪದಕಕ್ಕೆ ಮೂರನೆಯದೂ ಚೆನ್ನ.

ಎರಡನೆಯ ಸಾಲಿನ ಎಸಳು ಮುಗಿದು ನೂಲನ್ನು ಸ್ವಲ್ಪ ಎಳೆದ ಕ್ಷಣದಲ್ಲಿ ಮೊದಲ ಸಾಲು ತಾನಾಗಿ ಮೇಲೆದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದದ್ದು ಬೆರಳ ತುದಿಯಲ್ಲಿ ಹೂವಾಗುತ್ತದೆ. ಎಷ್ಟು ಸಲ ಹೆಣೆದರೂ ಆ ಕ್ಷಣಕ್ಕೆ ನಾನು ಕಾಯುತ್ತೇನೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದಾಗ ಅಲ್ಲಿನ ಹೆಂಗಸರು ಇಂಥ ಹೂಗಳನ್ನು ಹೆಣೆದು ಮಾರಿ ಮನೆ ಉಳಿಸಿಕೊಂಡರು. ನನಗೆ ಕಲಿಸಿದ ಅಮ್ಮ ಈ ಮಾತನ್ನು ಹೇಳದೆ ಯಾರಿಗೂ ಗುಲಾಬಿ ಕಲಿಸುತ್ತಿರಲಿಲ್ಲ.

ಡೊಂಬಿವಲಿ ಪೂರ್ವ:
ಕಂಬಗಳ ಬೆನ್ನು ಹಿಡಿಯುವುದು ಓದುವಾಗ ಕಷ್ಟವೆನಿಸಿತು, ಕೈಗೆ ತೆಗೆದುಕೊಂಡ ಮೇಲೆ ಅರ್ಥವಾಯಿತು. ಒಂದು ಗುಲಾಬಿ ಆಗಿದೆ, ಅಕ್ಕಿಯ ಡಬ್ಬಿಯ ಮೇಲಿಟ್ಟು ನೋಡುತ್ತಾ ಕುಳಿತಿದ್ದೇನೆ.

ಇನ್ನೊಂದು ವಿಷಯ. ಮಗಳ ಕಿವಿ ತೂತಿನ ಬಳಿ ಕೆಂಪಾಗಿ ತುರಿಸುತ್ತಿದೆ. ದಾರದ ಬಣ್ಣವೇ ಕಾರಣವೇ? ಕೊಕ್ಕೆ ಜರ್ಮನ್ ಸಿಲ್ವರಿನದು, ಆದ್ದರಿಂದ ಅದರ ಮೇಲೆ ನನಗೆ ಅನುಮಾನವಿಲ್ಲ.

ಠಾಣೆಯ ಮೇಷ್ಟ್ರು:
ತಾಯೀ, ಅನುಮಾನ ಅದರ ಮೇಲೆಯೇ ಪಡಬೇಕು. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ. ಬೆವರು ತಾಗಿದಾಗ ನಿಕ್ಕಲ್ ಕರಗಿ ಚರ್ಮದೊಳಗೆ ಇಳಿಯುತ್ತದೆ. ಒಮ್ಮೆ ಒಗ್ಗದೆ ಹೋದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಯುರೋಪಿನ ಒಕ್ಕೂಟದಲ್ಲಿ ಕಿವಿ ಚುಚ್ಚಿದ ಜಾಗದೊಳಗೆ ಹೋಗುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರುವಂತಿಲ್ಲ ಎಂಬ ಕಾನೂನೇ ಇದೆ.

ಮಗಳಿಗೆ 925 ಬೆಳ್ಳಿಯ ಕೊಕ್ಕೆ ಹಾಕಿ, ಅಥವಾ ಟೈಟಾನಿಯಂ. ಸರ್ಜಿಕಲ್ ಸ್ಟೀಲ್ ಎಂದು ಮಾರುವ 316ಎಲ್ ಉಕ್ಕಿನಲ್ಲಿಯೂ ನಿಕ್ಕಲ್ ಇದೆ. ಕ್ರೋಮಿಯಂ ಆಕ್ಸೈಡಿನ ಪದರ ಅದನ್ನು ಒಳಗೇ ಹಿಡಿದಿಡುವುದರಿಂದ ಬಹಳ ಜನರಿಗೆ ಒಗ್ಗುತ್ತದೆ, ಈಗಾಗಲೇ ಅಲರ್ಜಿ ಇರುವವರು ಅದನ್ನೂ ಬಿಡುವುದು ಕ್ಷೇಮ. ಕೆಂಪು ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಮಾರಲು ಮಾಡುವವರು ಕೊಕ್ಕೆ ಯಾವ ಲೋಹದ್ದು ಎಂದು ಚೀಟಿಯಲ್ಲಿ ಬರೆಯಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೋಥ್ರೂಡ್ ಕುಚ್ಚು:
ದಾರದ ಬಣ್ಣವನ್ನೂ ಒಮ್ಮೆ ನೋಡಿಬಿಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯ ನಡುವೆ ದಾರ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕೆಂಪು, ಕಡುನೀಲಿ ಬಿಟ್ಟುಕೊಂಡರೆ ಬಿಳಿಯ ಜೊತೆ ಸೇರಿಸಿ ಹೆಣೆಯಬಾರದು.

ವಾಸ್ಕೋ ವಾಸಿ:
ತಂತಿಯಲ್ಲಿ ಹೆಣೆದರೆ ಅಂಟಿನ ಮಾತೇ ಇಲ್ಲವಲ್ಲ? ನಾನು 28 ಗೇಜಿನ ತಾಮ್ರದ ತಂತಿಯಲ್ಲಿ ಸರಪಳಿ ಹಾಕಿ, ನಡುನಡುವೆ ಕವಡೆ ಪೋಣಿಸಿ ಸರ ಮಾಡುತ್ತೇನೆ. ಗೋವಾದ ಅಂಜುಣದ ಸಂತೆಗೆ ಬರುವ ನಮ್ಮ ಕಡೆಯ ಲಂಬಾಣಿ ಹೆಂಗಸರ ಒಡವೆ ನೋಡಿ ಕವಡೆಯ ಮೇಲೆ ಆಸೆ ಹುಟ್ಟಿತು. ತಂತಿಯನ್ನು ಬಿಚ್ಚಿ ಮತ್ತೆ ಹೆಣೆಯಲಾಗದು, ಪ್ರತಿ ಬಾಗಿಗೂ ತಾಮ್ರ ಗಡುಸಾಗುತ್ತಾ ಹೋಗಿ ಕೊನೆಗೆ ಮುರಿಯುತ್ತದೆ. ಮಣಿಯನ್ನೆಲ್ಲ ಮೊದಲೇ ಪೋಣಿಸಿಕೊಂಡು ಕೂರಬೇಕು. ಕಡ್ಡಿ ಸ್ವಲ್ಪ ದಪ್ಪವಿರಲಿ, 2 ಮಿಲಿಮೀಟರಿನ ಮೇಲೆ. ಇಲ್ಲಿ ಬಿಗಿ ಹೆಣೆದರೆ ಬೆರಳು ಕುಯ್ದುಕೊಳ್ಳುತ್ತದೆ.

ಮಾಟುಂಗಾದ ಅಜ್ಜಿ:
ಸರಿ. ದಾರದ ಕೆಲಸಕ್ಕೂ ಮಣಿ ಮೊದಲೇ ಪೋಣಿಸಬೇಕು, ಅದೂ ತಿರುವುಮುರುವಾಗಿ. ಕೊನೆಗೆ ಬರಬೇಕಾದ ಮಣಿ ಮೊದಲು ದಾರಕ್ಕೆ ಹೋಗಬೇಕು. ಎಷ್ಟು ಮಣಿ ಬೇಕು ಎಂದು ಗೊತ್ತಾಗದಿದ್ದರೆ ಎರಡು ಅಂಗುಲ ಹೆಣೆದು ಎಣಿಸಿ ಲೆಕ್ಕ ಹಾಕು. ನಡುವೆ ಮುಗಿದುಹೋದರೆ ದಾರ ಕತ್ತರಿಸುವುದೊಂದೇ ದಾರಿ.

ವಾಶಿ ಕಾಲೇಜು ಹುಡುಗಿ:
ಸಾಮಾನು ಎಲ್ಲಿ ಸಿಗುತ್ತದೆ?

ಕೋಥ್ರೂಡ್ ಕುಚ್ಚು:
ಪುಣೆಯಲ್ಲಿ ರವಿವಾರ ಪೇಟೆಯ ಬೋಹ್ರಿ ಆಳಿ, ಮಣಿ ಮತ್ತು ಕೊಕ್ಕೆಗೆ. ಮುಂಬಯಿಯವರಿಗೆ ಭುಲೇಶ್ವರ, ಕ್ರಾಫರ್ಡ್ ಮಾರುಕಟ್ಟೆಯ ಹತ್ತಿರದ ಅಬ್ದುಲ್ ರೆಹಮಾನ್ ಬೀದಿ. ಒಂದು ಮಾತು: ಸರದ ಭಾಗಗಳನ್ನು ಕೂಡಿಸುವ ಪುಟ್ಟ ತಂತಿ ಕಡಿಯನ್ನು ಎಂದೂ ಎರಡು ಕಡೆಗೆ ಎಳೆದು ತೆರೆಯಬೇಡಿ. ಎರಡು ಇಕ್ಕಳ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ. ಮುಚ್ಚುವಾಗ ಹಾಗೆಯೇ ವಾಪಸ್. ಅಗಲಿಸಿದರೆ ದುಂಡಗೆ ಮತ್ತೆ ಬರುವುದಿಲ್ಲ, ದಾರ ಆ ಸಂದಿಯಿಂದ ಜಾರಿಹೋಗುತ್ತದೆ.

ನಾನು ಈಗ ಗುಳೇದಗುಡ್ಡದ ಖಣದ ತುಂಡಿಗೆ ಸುತ್ತಲೂ ಕ್ರೋಶಾ ಅಂಚು ಕಟ್ಟಿ ಪದಕ ಮಾಡುತ್ತಿದ್ದೇನೆ. ಇಲ್ಲಿನ ಮರಾಠಿಗರಿಗೆ ಖಣದ ಮೇಲೆ ನಮ್ಮಷ್ಟೇ ಪ್ರೀತಿ. ಬಟ್ಟೆಯ ಅಂಚಿನಲ್ಲಿ ಮೊದಲು ಸೂಜಿಯಿಂದ ಒತ್ತೊತ್ತಾಗಿ ಕಂಬಳಿ ಹೊಲಿಗೆ ಹಾಕಿ, ಆ ಹೊಲಿಗೆಯ ಬೆನ್ನಿನ ಮೇಲೆ ಮೂಕ ಕಂಬ ಕಟ್ಟಬೇಕು.

ಡೊಂಬಿವಲಿ ಪೂರ್ವ:
ನೆರೆಯವರು ಗುಲಾಬಿ ಓಲೆ ನೋಡಿ ಐದು ಜೊತೆ ಕೇಳಿದ್ದಾರೆ. ಸ್ಟೇಷನ್ ಬಳಿಯ ಅಂಗಡಿಯವರೊಬ್ಬರು ಜೊತೆಗೆ 60 ರೂಪಾಯಿಯಂತೆ ಎಷ್ಟಾದರೂ ತೆಗೆದುಕೊಳ್ಳುತ್ತೇನೆ ಎಂದರು. ಒಂದು ಜೊತೆಗೆ ನನಗೆ ಎರಡೂವರೆ ಗಂಟೆ ಹಿಡಿಯುತ್ತದೆ, ಸಾಮಾನಿಗೆ 35 ರೂಪಾಯಿ. ಹೇಗೂ ಮನೆಯಲ್ಲಿ ಕುಳಿತು ಮಾಡುವುದಲ್ಲವೇ ಎಂದರು ಅವರು. ಹೌದು ಎಂದುಬಿಟ್ಟೆ. ಸರಿಯೇ?

ಮಡಗಾಂವ್ ಮನೆ:
ಸರಿಯಲ್ಲ ಅಕ್ಕಾ. ಎರಡೂವರೆ ಗಂಟೆಗೆ 25 ರೂಪಾಯಿ, ಅಂದರೆ ಗಂಟೆಗೆ ಹತ್ತು.

ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕ್ರೋಶಾ ಕಲಿಸಿದರು. ಅಲ್ಲಿಂದ ಲೇಸ್ ವಿದೇಶಗಳಿಗೆ ಹೋಗತೊಡಗಿ ದೊಡ್ಡ ವ್ಯಾಪಾರವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬಗ್ಗೆ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದರು. ಆ ಹೆಂಗಸರು ದಿನದ ಎಷ್ಟೋ ಗಂಟೆ ಹೆಣೆಯುತ್ತಿದ್ದರೂ ಅವರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. ಮನೆಯೊಡತಿಯರು ಬಿಡುವಿನಲ್ಲಿ ಮಾಡುವುದು ಎಂಬ ಒಂದೇ ಮಾತಿನಿಂದ ಕೂಲಿ ನೆಲ ಕಚ್ಚಿತು, ಹಣ ರಫ್ತು ಮಾಡುವವರ ಕೈ ಸೇರಿತು. ನಿಮ್ಮ ಅಂಗಡಿಯವರು ಆಡಿದ್ದು ಅದೇ ಮಾತು. ಓದುವಾಗ ನನಗೆ ಹೊಟ್ಟೆ ಉರಿಯಿತು.

ಇನ್ನೊಂದು ನೆನಪಿಡಿ. ಹೊಲಿಗೆಗೆ, ನಿಟಿಂಗಿಗೆ ಯಂತ್ರಗಳಿವೆ. ಕ್ರೋಶಾವನ್ನು ಕೈಯ ಹಾಗೆಯೇ ಹೆಣೆದು ಅಂಗಡಿಗಳಿಗೆ ಸರಕು ತುಂಬುವ ಯಂತ್ರ ಬಂದಿಲ್ಲ. ಎಲ್ಲೇ ಅಗ್ಗದ ಕ್ರೋಶಾ ಕಂಡರೂ ಅದರ ಹಿಂದೆ ಯಾವಳೋ ಒಬ್ಬಳ ಬೆರಳಿದೆ.

ಕೋಥ್ರೂಡ್ ಕುಚ್ಚು:
ನಾನು ಸಾಮಾನಿನ ಬೆಲೆಗೆ ಗಂಟೆಗೆ 80 ರೂಪಾಯಿ ಸೇರಿಸಿ ಹೇಳುತ್ತೇನೆ. ನಿಮ್ಮ ಲೆಕ್ಕದಲ್ಲಿ 235 ಆಗುತ್ತದೆ. ಪುಣೆಯ ತುಳಶಿಬಾಗ ಮಾರುಕಟ್ಟೆಯಲ್ಲಿ ಐವತ್ತಕ್ಕೆ ಓಲೆ ಸಿಗುತ್ತದಲ್ಲ ಎನ್ನುವವರಿಗೆ ಸಿಟ್ಟಾಗದೆ ಹೌದು ಎಂದು ಹೇಳಿ ಸುಮ್ಮನಿರುತ್ತೇನೆ. ನಾಲ್ವರಲ್ಲಿ ಒಬ್ಬರು ಕೊಳ್ಳುತ್ತಾರೆ, ಅವರು ಮತ್ತೆ ಬರುತ್ತಾರೆ.

ವಾಸ್ಕೋ ವಾಸಿ:
ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಲಿಯುವಾಗ ಕಡಿಮೆಗೆ ಕೊಟ್ಟರೆ ಕೈ ವೇಗವಾಗುತ್ತದೆ, ಜನರಿಗೂ ಪರಿಚಯವಾಗುತ್ತದೆ. ಮೊದಲ ಇಪ್ಪತ್ತು ಸರ ನಾನು ಹಾಗೆಯೇ ಕೊಟ್ಟೆ.

ಮಾಟುಂಗಾದ ಅಜ್ಜಿ:
ಪರಿಚಯಕ್ಕೆಂದರೆ ಉಡುಗೊರೆಯಾಗಿ ಕೊಟ್ಟುಬಿಡು, ಕಡಿಮೆ ಬೆಲೆಗೆ ಮಾರಬೇಡ. ಉಡುಗೊರೆಗೆ ಬೆಲೆ ಕಟ್ಟುವವರಿಲ್ಲ. ಒಮ್ಮೆ ಅರವತ್ತು ಎಂದರೆ ಆ ಬೀದಿಯಲ್ಲಿ ಹೆಣೆಯುವ ಎಲ್ಲರ ಓಲೆಯೂ ಅರವತ್ತಕ್ಕೆ ನಿಲ್ಲುತ್ತದೆ.

ವಾಸ್ಕೋ ವಾಸಿ:
ಬೇರೆಯವರ ಓಲೆಯ ಬಗ್ಗೆ ನಾನು ಯೋಚಿಸಿರಲಿಲ್ಲ ಅಜ್ಜಿ. ಸರಿ.

ಡೊಂಬಿವಲಿ ಪೂರ್ವ:
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಂಗಡಿಯವರಿಗೆ ಆಗುವುದಿಲ್ಲ ಎಂದು ಹೇಳಿಬಂದೆ, ಗಂಟಲು ಒಣಗಿತ್ತು. ಐದು ಜೊತೆ ಕೇಳಿದ್ದ ನೆರೆಯವರಿಗೆ ಒಂದು ಜೊತೆಗೆ 220 ರೂಪಾಯಿ ಎಂದೆ. ಮೂವರು ಒಪ್ಪಿದರು, ಇಬ್ಬರು ಬೇಡವೆಂದರು.

ಓಲೆಯ ಸಮಾಚಾರ: 40ನೇ ದಾರ, 0.75 ಕಡ್ಡಿ, ಅಂಟು ಇಲ್ಲ, ವಾರ್ನಿಷೂ ಇಲ್ಲ. ಒಂದು ಗುಲಾಬಿಯನ್ನು ಅಡುಗೆಮನೆಯ ಕಿಟಕಿಯ ಮೊಳೆಗೆ ಎಂಟು ದಿನ ತೂಗುಹಾಕಿದ್ದೆ. ಹೊರಗೆ ಮಳೆ, ಒಳಗೆ ಕುಕ್ಕರಿನ ಹಬೆ. ತೆಗೆದು ನೋಡಿದಾಗ ಮುಟ್ಟಿದರೆ ತಣ್ಣಗಿತ್ತು, ಸ್ವಲ್ಪ ತೇವವೂ ಇತ್ತು, ಆದರೆ ಒಂದು ಎಸಳೂ ಬಗ್ಗಿರಲಿಲ್ಲ. ಮಗಳಿಗೆ ಬೆಳ್ಳಿಯ ಕೊಕ್ಕೆ ಹಾಕಿಕೊಟ್ಟೆ, ಕಿವಿಯ ಕೆಂಪು ಇಳಿದಿದೆ. ನಿನ್ನೆ ಅವಳು ಕೇಳದೆಯೇ ತಾನಾಗಿ ಹಾಕಿಕೊಂಡು ಕಾಲೇಜಿಗೆ ಹೋದಳು. ಚಿತ್ರ ಹಾಕಿದ್ದೇನೆ.

ಮಡಗಾಂವ್ ಮನೆ:
ಎಷ್ಟು ಚೆನ್ನಾಗಿದೆ! ಎರಡನೆಯ ಸಾಲು ನನ್ನದಕ್ಕಿಂತ ಸಮವಾಗಿ ಬಂದಿದೆ.

ಮಾಟುಂಗಾದ ಅಜ್ಜಿ:
ಹಿಂಬದಿಯ ಚಿತ್ರ ಹಾಕು.

ಡೊಂಬಿವಲಿ ಪೂರ್ವ:
ಹಾಕಿದ್ದೇನೆ ಅಜ್ಜಿ.

ಮಾಟುಂಗಾದ ಅಜ್ಜಿ:
ಬಲಗಿವಿಯದು ಸರಿಯಾಗಿದೆ. ಎಡಗಿವಿಯದರಲ್ಲಿ ಮುಗಿಸಿದ ದಾರದ ತುದಿ ಒಂದೇ ದಿಕ್ಕಿಗೆ ಹೋಗಿದೆ, ಎಳೆದರೆ ಬಿಚ್ಚುತ್ತದೆ. ಸೂಜಿಗೆ ಪೋಣಿಸಿ ನಾಲ್ಕು ಹೆಣಿಗೆ ಮುಂದಕ್ಕೆ, ಒಂದನ್ನು ಬಿಟ್ಟು ಮತ್ತೆ ನಾಲ್ಕು ಹಿಂದಕ್ಕೆ ನುಸುಳಿಸಿ ಆಮೇಲೆ ಕತ್ತರಿಸು. ಮೂರು ಜೊತೆ ಕೊಡುವ ಮುನ್ನ ಅವುಗಳ ಹಿಂಬದಿಯನ್ನೂ ನೋಡಿಕೋ ಮಗಳೇ.